ನಿಂಗಕ್ಕನ ಏಳು ಸೊಟ್ಟ ಸಾಲುಗಳು

ಕಂಪ್ಲಿಯ ಕೋಟೆ ತನ್ನ ಕಾಲದಲ್ಲಿ ಎಷ್ಟು ದಂಡುಗಳನ್ನು ಕಂಡಿತ್ತೋ, ಎಷ್ಟು ಆನೆಗಳು ಅದರ ಬಾಗಿಲಿಗೆ ಹಣೆ ಬಡಿದುಕೊಂಡಿದ್ದವೋ ನಮಗೆ ತಿಳಿಯದು. ಆದರೆ ಒಬ್ಬಳೇ ಹೆಂಗಸು ಒಂದೇ ಸೂಜಿ ಹಿಡಿದು, ಹಾಡುಹಗಲಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಆ ಊರಿನ ಮನೆಮನೆಗೆ ನುಗ್ಗಿ ಗೆದ್ದು ಬಂದದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ. ಆಕೆಯ ಹೆಸರು ನಿಂಗಕ್ಕ. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುವವಳು. ಆಕೆ ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯಲ್ಲಿ ಗೋಡೆಯ ಮೇಲೆ ಒಣಗುತ್ತಿದ್ದ ಕೌದಿಗಳು ತಾವೇ ಮಡಚಿಕೊಂಡು ಒಳಗೆ ನಡೆಯುತ್ತಿದ್ದವಂತೆ. ತಾವೇ ನಡೆಯುತ್ತಿರಲಿಲ್ಲ, ಮನೆಯ ಹೆಂಗಸರು ಎಳೆದುಕೊಂಡು ಓಡುತ್ತಿದ್ದರು. ಓಟ ಅಷ್ಟು ಜಲ್ದಿಯದಾಗಿದ್ದರಿಂದ ನೋಡಿದವರಿಗೆ ಹಾಗೆ ಕಂಡಿರಬೇಕು.

ಕಾರಣ ಇಷ್ಟೇ. ತಾನು ಹಿಂದೆ ಯಾವಾಗಲೋ ಹೊಲಿದ ಕೌದಿ ಕಣ್ಣಿಗೆ ಬಿದ್ದರೆ ನಿಂಗಕ್ಕನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಕುಳಿತು, ಬಿಚ್ಚಿ, ಮತ್ತೆ ಹೊಲಿಯುತ್ತಿದ್ದಳು. ಅದಕ್ಕೆ ಕೂಲಿ ಕೇಳುತ್ತಿರಲಿಲ್ಲ. ಬೇಡವೆಂದರೆ ಕೇಳಿಸಿಕೊಳ್ಳುತ್ತಲೂ ಇರಲಿಲ್ಲ.

ಕಥೆ ಊರಿಂದ ಊರಿಗೆ ಬೆಳೆಯಿತು. ಎಮ್ಮಿಗನೂರಿನವರು ಹೇಳುವುದು ಹೀಗೆ: ಹೆಣ್ಣಿನ ಮಾತುಕತೆಗೆ ಬಂದ ಬೀಗರು ಜಗಲಿಯ ಮೇಲೆ ಹಾಸಿದ ಕೌದಿಯ ಮೇಲೆ ಕೂತಿದ್ದರು. ನಿಂಗಕ್ಕ ಮೂಲೆಯಲ್ಲಿ ಕೂತು ತುದಿಯಿಂದ ಬಿಚ್ಚುತ್ತ ಬಂದಳು. ಕೊಡುವ ತಗೊಳ್ಳುವ ಮಾತು ಮುಗಿಯುವ ಹೊತ್ತಿಗೆ ಗಂಡಿನ ಅಪ್ಪ ಒಂದು ಪದರದ ಮೇಲೆ, ಹೆಣ್ಣಿನ ಅಪ್ಪ ಇನ್ನೊಂದು ಪದರದ ಮೇಲೆ ಕೂತಿದ್ದರು. ಸಂಡೂರಿನವರ ಕಥೆ ಇನ್ನೂ ದೊಡ್ಡದು. ಹೊಸಪೇಟೆಯಿಂದ ಹೊರಟ ಬಸ್ಸಿನ ನೆತ್ತಿಯ ಮೇಲೆ ಯಾರದೋ ಹಾಸಿಗೆಯ ಸುರುಳಿಯಲ್ಲಿ ತನ್ನ ಕೌದಿಯ ಅಂಚು ಕಂಡು, ಮೇಲೆ ಹತ್ತಿ ಕೂತು, ಸಂಡೂರು ಸಂಸ್ಥಾನದ ಗಡಿ ದಾಟುವವರೆಗೂ ಹೊಲಿದಳಂತೆ. ಹಂಪಿಯಲ್ಲಿ ಮುರಿದ ಕಲ್ಲುಗಳ ನಡುವೆ ನಿಂತು, ಒಂದು ಕಂಬದ ಮೇಲಿನ ಬಾತುಕೋಳಿಯನ್ನು ಬಹಳ ಹೊತ್ತು ನೋಡಿ, "ಇದನ್ನ ಕಡದಾತ ತಿರುಗಿ ಒಮ್ಮೆರ ಬಂದು ಕಾಲು ಸರಿ ಮಾಡಬಾರದಾ," ಎಂದಳಂತೆ. ಇದು ಮಾತ್ರ ನಿಜ. ಕೇಳಿಸಿಕೊಂಡವರು ಇದ್ದಾರೆ.

ನಮ್ಮ ಕಡೆ ಕೌದಿ ಮುಗಿಯುವಾಗ ನಡುವೆ ಅಂಗೈಯಷ್ಟು ಜಾಗ ಬಿಟ್ಟು, ಅದರೊಳಗೆ ಒಂದು ಚೂರು ಜೋಳದ ರೊಟ್ಟಿ ಇಟ್ಟು, ಮೇಲೊಂದು ತ್ಯಾಪೆ ಹಾಕಿ ಮುಚ್ಚುತ್ತಾರೆ. ಕೌದಿಯ ಹೊಟ್ಟೆ ತುಂಬಿದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂದು. ಉಂಡ ಕೌದಿಯನ್ನು ಮತ್ತೆ ಬಿಚ್ಚುವ ರೂಢಿ ಇಲ್ಲ. ನಿಂಗಕ್ಕ ಇದಕ್ಕೊಂದು ದಾರಿ ಕಂಡುಕೊಂಡಿದ್ದಳು. ಬಿಚ್ಚಿದಾಗಲೆಲ್ಲ ಹೊಸದಾಗಿ ಇನ್ನೊಂದು ಚೂರು ರೊಟ್ಟಿ ಉಣ್ಣಿಸುತ್ತಿದ್ದಳು. ಕಂಪ್ಲಿಯ ಕೌದಿಗಳಿಗೆ ಹೊಟ್ಟೆ ಬಂದಿದೆ ಎಂದು ಮೆಟ್ರಿಯವರು ನಗುತ್ತಿದ್ದುದು ಅದಕ್ಕೇ.

ನೋಡುವವರು ಇದನ್ನೆಲ್ಲ ಹುಮ್ಮಸ್ಸು ಎಂದುಕೊಂಡರು. ಹತ್ತಿರ ಕೂತು ನೋಡಿದ್ದರೆ ಹಾಗೆ ಅನಿಸುತ್ತಿರಲಿಲ್ಲ. ಐವತ್ತೆಂಟರ ಹೆಂಗಸು, ಗಂಡ ಎರ್ರಿಯಪ್ಪ ಕಬ್ಬಿನ ಗಾಣದ ಕೆಲಸದಲ್ಲೇ ಸವೆದು ಹೋದವನು, ಇದ್ದೊಬ್ಬ ಮಗಳು ಮೆಟ್ರಿಗೆ ಕೊಟ್ಟವಳು. ಬೆಳಗಿನಿಂದ ಬೇರೆಯವರ ಹೊಸ ಕೌದಿ ಹೊಲಿದು, ಮಧ್ಯಾಹ್ನ ಒಂದು ರೊಟ್ಟಿ ತಿಂದು, ಬೆನ್ನು ಚಾಚಬೇಕಾದ ಹೊತ್ತಿನಲ್ಲಿ ಹಳೆಯದೊಂದರ ಮುಂದೆ ಕೂರುತ್ತಿದ್ದಳು. ಸೂಜಿ ಹಿಡಿದ ಬೆರಳು ಸಂಜೆಗೆ ಮಡಿಸಲು ಬರುತ್ತಿರಲಿಲ್ಲ. ಒಂದು ಸಾಲು ನೇರವಾದರೆ ಸಂತೋಷವೇನೂ ಕಾಣುತ್ತಿರಲಿಲ್ಲ, ಮುಂದಿನ ಸಾಲು ಕಾಣುತ್ತಿತ್ತು. ಒಂದು ಕೌದಿ ಮುಗಿದರೆ ಊರಿನಲ್ಲಿ ಇನ್ನೆಷ್ಟು ಉಳಿದಿವೆ ಎಂಬುದು ನೆನಪಾಗುತ್ತಿತ್ತು. ಮೂವತ್ತೆಂಟು ವರ್ಷ ಕೌದಿ ಹೊಲಿದವಳಿಗೆ ಹಳೆಯ ಕೌದಿಗಳ ಕೊರತೆ ಇರುವುದಿಲ್ಲ.

ಈ ವಿಷಯದಲ್ಲಿ ಊರು ಎರಡು ಪಾಲಾಗಿತ್ತು. ಹೊಸಪೇಟೆಯ ಶಾಲೆಯಲ್ಲಿ ಕಲಿಸುತ್ತಿದ್ದ, ಭಾನುವಾರಕ್ಕೊಮ್ಮೆ ತಾಯಿಯನ್ನು ನೋಡಲು ಕಂಪ್ಲಿಗೆ ಬರುತ್ತಿದ್ದ ಹಾಲಸ್ವಾಮಿ ಮಾಸ್ತರರು ಒಂದು ಕಡೆಗೆ. ಕೈ ಯಾರದೋ ಕೆಲಸವೂ ಅವರದೇ, ಕಲೆಗಾರ ಸಾಯುವ ತನಕ ತನ್ನ ಕೆಲಸವನ್ನು ತಿದ್ದಬಹುದು ಎಂದು ವಾಚನಾಲಯದಲ್ಲಿ ಒಂದೂವರೆ ತಾಸು ಮಾತಾಡಿದ್ದರು. ಕೇಳುವವರು ನಾಲ್ಕು ಜನ, ಅದರಲ್ಲಿ ಒಬ್ಬ ಬೀಗ ಹಾಕಲು ಕಾದವನು. ಇನ್ನೊಂದು ಕಡೆ ಊರಿನ ಹೆಂಗಸರೆಲ್ಲರೂ. ಅವರು ಭಾಷಣ ಮಾಡಲಿಲ್ಲ, ಕೌದಿ ಒಳಗಿಟ್ಟರು.

ನಿಂಗಕ್ಕನಿಗೆ ಎಷ್ಟು ಬೇಡಿದರೂ ಮತ್ತೆ ಬಿಚ್ಚಲು ಸಿಗದ ಕೌದಿ ಕಂಪ್ಲಿಯಲ್ಲಿ ಒಂದಿತ್ತು, ಅದೂ ಆಕೆ ಕೂಲಿಗೆ ಹೊಲಿದ ಮೊಟ್ಟಮೊದಲನೆಯದು. ಅಕ್ಕಿ ಗಿರಣಿಯ ಸಾಹುಕಾರ ಉಜ್ಜಿನಪ್ಪನವರ ಮನೆಯದು.

ಮೊದಲ ಪ್ಲೇಗು ಬಂದು ಹೋದ ಮರುವರ್ಷ. ನಿಂಗಕ್ಕನಿಗೆ ಇಪ್ಪತ್ತು, ಮಡಿಲಲ್ಲಿ ಮೂರು ತಿಂಗಳ ಕೂಸು. ಉಜ್ಜಿನಪ್ಪನವರ ಹೆಂಡತಿ ಜಂಬಮ್ಮ ಆಗಿನ್ನೂ ಹೊಸ ಸೊಸೆ. ಆಕೆಯ ಅತ್ತೆ ಕೌದಿ ಹೊಲಿಯಲು ನಿಂಗಕ್ಕನನ್ನು ಕರೆಸಿದ್ದಳು. ಕೂಸು ರಾತ್ರಿಯೆಲ್ಲ ಅಳುತ್ತಿತ್ತು, ಹಗಲೆಲ್ಲ ಜಗಲಿಯ ಮೇಲೆ ಹೊಲಿಗೆ. ಆರನೆಯ ದಿನ, ನಡುವಿನ ಕೆಲವು ಸಾಲು ಮಾತ್ರ ಬಾಕಿ ಇದ್ದಾಗ, ಉಂಡ ಮೇಲೆ ಕಂಬಕ್ಕೆ ಒರಗಿದ್ದು ನೆನಪು. ಕಣ್ಣು ಬಿಟ್ಟಾಗ ಸೂಜಿ ಕೌದಿಯಲ್ಲೇ ಇತ್ತು, ಏಳು ಸಾಲು ಮುಗಿದಿತ್ತು. ಏಳೂ ಸೊಟ್ಟ. ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಐದನೆಯದಂತೂ ದಾರಿ ತಪ್ಪಿದ ಎಮ್ಮೆಯ ಹಾಗೆ. ಅತ್ತೆ ಹೊರಗೆ ಬರುತ್ತಿದ್ದಳು. ಬಿಚ್ಚಲು ಹೊತ್ತಿರಲಿಲ್ಲ. ನಿಂಗಕ್ಕ ಅವಸರದಲ್ಲಿ ರೊಟ್ಟಿ ಇಟ್ಟು, ತ್ಯಾಪೆ ಮುಚ್ಚಿ, ಕೂಲಿಯ ಜೋಳ ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದಳು. ನಿದ್ದೆಗಣ್ಣಿನಲ್ಲಿ ಏಳು ಸಾಲು ಹೊಲಿದೆನೆಂದು ಯಾರಿಗೂ ಹೇಳಲಿಲ್ಲ.

ಆ ಏಳು ಸಾಲು ಆಕೆಯ ಬೆನ್ನು ಬಿಡಲಿಲ್ಲ. ಅಲ್ಲಿ ಹಾಗಾದರೆ ಬೇರೆ ಕಡೆಯೂ ಆಗಿರಬೇಕಲ್ಲ ಎಂದು ಇನ್ನೊಂದು ಕೌದಿ ನೋಡಿದಳು. ನೋಡಿದರೆ ತಪ್ಪು ಕಾಣಲೇ ಬೇಕು, ಕಂಡಿತು. ಮುಂದಿನ ದಂಡಯಾತ್ರೆಯೆಲ್ಲ ಹುಟ್ಟಿದ್ದು ಅಲ್ಲಿಂದ. ಆದರೆ ಮೊದಲ ಕೋಟೆ ಮಾತ್ರ ಕೈವಶವಾಗಲಿಲ್ಲ. ನಿಂಗಕ್ಕ ಬಂದಾಗಲೆಲ್ಲ ಜಂಬಮ್ಮ ಆ ಕೌದಿಯ ಮೇಲೇ ಕೂರುತ್ತಿದ್ದಳು.

"ಯವ್ವಾ, ಒಂದ್ ತಾಸು ಕೊಡ್ರಿ. ಆ ಸಾಲು ನೋಡಿದ್ರ ನನಗ ಊಟ ಸೇರಲ್ಲ."

"ನೋಡಬ್ಯಾಡ ಹಂಗಾರ. ಚಹಾ ಕುಡಿ."

"ಭಾಳ ಸೊಟ್ಟ ಅದಾವ್ರಿ."

"ಬೆಚ್ಚಗೈತಿ. ಕೌದಿಗೆ ಇನ್ನೇನು ಬೇಕು."

ಹೀಗೆ ಮೂವತ್ತನಾಲ್ಕು ವರ್ಷ ಕೋಟೆ ಕಾದ ಜಂಬಮ್ಮ ಒಂದು ಚಳಿಗಾಲದಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಉಜ್ಜಿನಪ್ಪನವರಿಗೆ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಹೋಗಿತ್ತು. ಗಿರಣಿ ಮಗನ ಕೈಗೆ ಹೋಯಿತು. ಸಾಹುಕಾರರಿಗೆ ಉಳಿದದ್ದು ಜಗಲಿ, ಅದರ ಮೇಲೆ ಆ ಕೌದಿ, ಮಧ್ಯಾಹ್ನದ ನಿದ್ದೆ. ಕೌದಿಯನ್ನು ಅವರು ಯಾರಿಗೂ ಒಗೆಯಲು ಸಹ ಸುಲಭಕ್ಕೆ ಕೊಡುತ್ತಿರಲಿಲ್ಲ.

ಎರಡನೆಯ ದೊಡ್ಡ ಯುದ್ಧ ಶುರುವಾದ ವರ್ಷ ಅವರು ದಾರಿಯಲ್ಲಿ ಕಳೆದೀತೆಂದು ಕೌದಿಯನ್ನು ಮನೆಯಲ್ಲೇ ಬಿಟ್ಟು ಎಂಟು ದಿನಕ್ಕೆಂದು ಚೋರನೂರಿನ ಮಗಳ ಮನೆಗೆ ಹೋದರು. ಹೋದ ಮರುದಿನವೇ ಕೌದಿಯ ಮೂಲೆಯನ್ನು ಇಲಿ ಕಡಿಯಿತು. ಮಾವ ಬಂದರೆ ಏನು ಹೇಳುವುದೆಂದು ಹೆದರಿದ ಸೊಸೆ ಕೊಟ್ರಬಸಮ್ಮ ನಿಂಗಕ್ಕನನ್ನು ಕರೆಸಿದಳು. ಶತ್ರುವನ್ನು ಬಾಗಿಲು ತೆಗೆದು ಒಳಗೆ ಕರೆದಂತಾಯಿತು, ಆದರೆ ಆಕೆ ಹೊಸಬಳು, ಹಳೆಯ ಯುದ್ಧದ ಸುದ್ದಿ ಆಕೆಗೆ ಗೊತ್ತಿರಲಿಲ್ಲ.

"ಈ ಮೂಲಿ ಅಷ್ಟ ನಿಂಗಕ್ಕ. ಬ್ಯಾರೆ ಏನೂ ಮುಟ್ಟಬ್ಯಾಡ."

"ಹೂನ್ರಿ ಯವ್ವಾ."

ಮೂಲೆ ಒಂದು ತಾಸಿನಲ್ಲಿ ಮುಗಿಯಿತು. ಕೊಟ್ರಬಸಮ್ಮ ಒಳಗೆ ಒರಳಿನ ಮುಂದೆ ಕೂತಿದ್ದಳು. ನಿಂಗಕ್ಕ ಕೌದಿಯನ್ನು ಮಡಚಲು ಹೋದಳು. ಮಡಿಕೆಯಲ್ಲಿ ಏಳು ಸಾಲು ಮೇಲೆ ಬಂದು ಆಕೆಯ ಮುಖ ನೋಡಿದವು. ಐದನೆಯದು ಹಿಂದಿಗಿಂತ ಸೊಟ್ಟವಾಗಿತ್ತು. ಮೂವತ್ತೆಂಟು ವರ್ಷದ ಮುತ್ತಿಗೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ದಾರ ಕಿತ್ತು, ಪದರ ಎಳೆದು ಕೂಡಿಸಿ, ಜೋಳ ಬಿತ್ತಿದ ಸಾಲಿನ ಹಾಗೆ ಏಳು ಸಾಲು ಹೊಲಿದಳು. ಐದನೆಯ ಸಾಲು ಇದ್ದ ಬಟ್ಟೆ ಜೀರ್ಣವಾಗಿತ್ತು, ಅದನ್ನು ತೆಗೆದು ಅಲ್ಲಿ ಬೇರೆ ತುಂಡು ಕೂಡಿಸಿದಳು. ನಡುವಿನ ತ್ಯಾಪೆ ಬಿಚ್ಚಿದ್ದರಿಂದ ಬುತ್ತಿಯ ರೊಟ್ಟಿಯಲ್ಲಿ ಒಂದು ಚೂರು ಮುರಿದು ಒಳಗಿಟ್ಟು ಮುಚ್ಚಿದಳು. ಹಳೆಯ ದಾರದ ತುಣುಕುಗಳನ್ನು ಒಲೆಗೆ ಹಾಕಿದಳು. ಹಾಕುವಾಗ ಸಂತೋಷ ಬರುತ್ತದೆ ಎಂದು ಕಾದಳು. ಬಂದದ್ದು ಆಕಳಿಕೆ.

ಉಜ್ಜಿನಪ್ಪನವರು ಚೋರನೂರಿನಿಂದ ಬಂದವರು ಕಾಲು ತೊಳೆದು, ಉಂಡು, ಜಗಲಿಯ ಮೇಲೆ ಮೈ ಚಾಚಿದರು. ಬಲಗೈ ಎದೆಯ ಮಟ್ಟದಲ್ಲಿ ಕೌದಿಯ ಮೇಲೆ ಹರಿದಾಡಿತು. ನಿಂತಿತು. ಮತ್ತೆ ಹರಿದಾಡಿತು.

"ಕೊಟ್ರಬಸವ್ವ, ಇದು ಯಾರದವ್ವ ಕೌದಿ?"

"ನಿಮ್ದ ರೀ ಮಾವಾರ."

"ನಂದಲ್ಲ."

"ನಿಮ್ದ ರೀ. ಮೂಲಿ ಒಂದು ಇಲಿ ಕಡದಿತ್ತು, ಹೊಲಿಸೀನಿ. ಬ್ಯಾರೆ ಯಾರೂ ಮುಟ್ಟಿಲ್ಲ."

ಸಾಹುಕಾರರು ನಡುವಿನ ತ್ಯಾಪೆಯ ಮೇಲೆ ಬೆರಳಿಂದ ಒತ್ತಿದರು. ಒಳಗೆ ಏನೋ ಕಟಕ್ ಎಂದಿತು.

"ಮೂವತ್ತೆಂಟು ವರ್ಷದ ರೊಟ್ಟಿ ಹಿಂಗ ಮುರೀತೈತೇನವ್ವ?"

ಅಂದಿನಿಂದ ಅವರು ಕೌದಿ ಹೊದೆಯಲಿಲ್ಲ. ಬರೀ ಚಾಪೆಯ ಮೇಲೆ ಮಲಗಿದರು. ಮಲಗಿದರು ಅಷ್ಟೇ, ನಿದ್ದೆ ಹತ್ತಲಿಲ್ಲ. ಕೈ ಪಕ್ಕದಲ್ಲಿ ಹುಡುಕುತ್ತಿತ್ತು, ಏನೂ ಸಿಗದೆ ಸುಮ್ಮನಾಗುತ್ತಿತ್ತು. ನಾಲ್ಕನೆಯ ದಿನ ಊಟದ ತಾಟು ಅರ್ಧಕ್ಕೆ ದೂಡಿದರು. ಮಗ ಹೊಸಪೇಟೆಯಿಂದ ಹೊಸ ಕಂಬಳಿ ತಂದ. ಮುಟ್ಟಿ ನೋಡಿ, ಚೆನ್ನಾಗಿದೆ ಎಂದು ವಾಪಸು ಕೊಟ್ಟರು. ಕೊಟ್ರಬಸಮ್ಮ ಅಳುತ್ತ ಹೋಗಿ ನಿಂಗಕ್ಕನನ್ನು ಕರೆತಂದಳು.

ನಿಂಗಕ್ಕ ಜಗಲಿಯ ಕೆಳಗೇ ನಿಂತಳು.

"ಕುಂದ್ರು ನಿಂಗವ್ವ," ಎಂದರು ಸಾಹುಕಾರರು. "ಮೂಲಿ ಹೊಲಿ ಅಂದ್ರ ಮೂಲಿ ಹೊಲದು ಹೋಗಬೇಕಿಲ್ಲೋ?"

"ತಪ್ಪಾತ್ರಿ ಸಾವ್ಕಾರ್ರ. ಆದ್ರ ಆ ಏಳು ಸಾಲು ನನ್ನ ಭಾಳ ಕಾಡಿದ್ವು. ನಿದ್ದಿಗಣ್ಣಾಗ ಹೊಲದಿದ್ದೆ. ನನ್ನ ಕೆಲಸ ನಾನ ಸರಿ ಮಾಡೀನಿ."

"ಯಾರ ಕೆಲಸ?"

"ನಂದ ರೀ."

"ಆವತ್ತು ನೀನು ಈ ಕಂಬಕ್ಕ ಒರಗಿ ಗೊರಕಿ ಹೊಡೀತಿದ್ದಿ. ನಿನ್ನ ಕೂಸೂ ಮಲಗಿತ್ತು. ಹೊಲದಾಕಿ ಜಂಬಮ್ಮ."

ನಿಂಗಕ್ಕ ಕಂಬದ ಕಡೆ ತಿರುಗಿ ನೋಡಿದಳು.

"ನಮ್ಮವ್ವ ಒಳಗ ಇದ್ಲು. ಹೊರಗ ಬಂದು ನೋಡಿದ್ರ ಕೂಲಿಯಾಕಿ ಮಲಗ್ಯಾಳಂತ ನಿನಗ ಅರ್ಧ ಜೋಳ ಕಡಿಮಿ. ಅದಕ್ಕ ನಿನ್ನ ಕೈಯಾಗಿನ ಸೂಜಿ ಮೆಲ್ಲಕ ತಗೊಂಡು ಆಕೀನ ಕುಂತ್ಲು. ಹುಟ್ಟಿದಾಗಿಂದ ಸೂಜಿ ಹಿಡಿದಾಕಿ ಅಲ್ಲ. ಏಳು ಸಾಲಿಗೆ ಮೂರು ಸಲ ಬೆರಳು ಚುಚ್ಚಿಕೊಂಡ್ಲು. ನಾನು ಅಲ್ಲೇ ಬಾಗಲಾಗ ನಿಂತು ನಗತಿದ್ದೆ. ಸುಮ್ನಿರ್ರಿ, ಆಕಿ ಎಚ್ಚರಾಗ್ತಾಳ ಅಂತ ನನಗ ಕೈ ಮಾಡಿದ್ಲು."

"ನನಗ ಯಾಕ ಹೇಳ್ಲಿಲ್ರಿ?"

"ಮೊದಲು ನೀನು ನಾಚ್ಕೋತಿ ಅಂತ ಹೇಳ್ಲಿಲ್ಲ. ಆಮ್ಯಾಲ ನೀನು ಊರ ಕೌದಿ ಎಲ್ಲಾ ಬಿಚ್ಚಾಕ ನಿಂತಿ. ಆವಾಗ ಹೇಳಿದ್ರ ಇದನ್ನೂ ಬಿಚ್ಚತಿ ಅಂತ ಹೇಳ್ಲಿಲ್ಲ."

ನಿಂಗಕ್ಕ ಜಗಲಿ ಹತ್ತಿ ಅದೇ ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಮೂವತ್ತೆಂಟು ವರ್ಷ, ಲೆಕ್ಕವಿಲ್ಲದ ಮಧ್ಯಾಹ್ನಗಳು, ಮಡಿಸಲು ಬಾರದ ಬೆರಳು. ಇದೆಲ್ಲ ಮಾಡಿದ್ದು ತಾನು ಹೊಲಿಯದ ಏಳು ಸಾಲಿಗಾಗಿ. ನಗು ಬಂದಿದ್ದರೆ ನಗುತ್ತಿದ್ದಳು. ಅದಕ್ಕೂ ಕಸುವು ಬೇಕು.

"ಕಣ್ಣು ಹೋದ ಮ್ಯಾಲ ಆಕಿ ಮುಖ ದಿನಾ ಸ್ವಲ್ಪ ಸ್ವಲ್ಪ ಮಾಸಾಕ ಹತ್ತೈತಿ ನಿಂಗವ್ವ," ಎಂದರು ಉಜ್ಜಿನಪ್ಪ. "ಇದೊಂದು ಬೆರಳಿಗೆ ಸಿಗತಿತ್ತು."

ನಿಂಗಕ್ಕ ಕೌದಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ದಾರ ಒಲಿಗೆ ಹೋತ್ರಿ. ಆದ್ರ ತೂತು ಇರ್ತಾವು," ಎಂದಳು.

ಇರುತ್ತವೆ. ಬಹಳ ವರ್ಷ ಕೂತ ಹೊಲಿಗೆಯನ್ನು ಬಿಚ್ಚಿದರೂ ಸೂಜಿ ಹೋದ ಜಾಗ ಬಟ್ಟೆ ಬೇಗ ಮರೆಯುವುದಿಲ್ಲ. ನಿಂಗಕ್ಕ ತನ್ನ ಜೀವಮಾನದ ಅತಿ ನೇರವಾದ ಏಳು ಸಾಲನ್ನು ತಾನೇ ಬಿಚ್ಚಿ, ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಜಂಬಮ್ಮನ ಒಂದೊಂದೇ ತೂತು ಹುಡುಕಿ ಹೊಲಿಯತೊಡಗಿದಳು. ಬಿಚ್ಚಿ ನೇರ ಮಾಡಲು ಒಂದು ಮಧ್ಯಾಹ್ನ ಸಾಕಾಗಿತ್ತು. ಸೊಟ್ಟ ಮಾಡಲು ಒಂಬತ್ತು ಬೇಕಾದವು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದುಃಖಕ್ಕಲ್ಲ, ಬಿಸಿಲಿಗೆ. ಇಡೀ ತಾಲ್ಲೂಕಿಗೆ ಹೊಲಿಗೆ ಕಲಿಸುವಂಥವಳು ಈಗ ಕುರುಡರೊಬ್ಬರ ಮುಂದೆ ಕೂತು ದಿನವೂ ಬೈಸಿಕೊಳ್ಳುತ್ತಿದ್ದಳು.

"ಇದು ಆಗಲಿಲ್ಲ. ಭಾಳ ಚಂದ ಬಂತು. ಬಿಚ್ಚು."

"ಕೈ ತಾನ ನೇರ ಹೋಗತೈತ್ರಿ. ಏನು ಮಾಡ್ಲಿ."

"ಎಡಗೈಲೆ ಹೊಲಿ."

ಎಡಗೈಯಲ್ಲಿ ಹೊಲಿದಳು. ಬೆರಳಿಗೆ ಚುಚ್ಚಿತು. ಉಜ್ಜಿನಪ್ಪನವರಿಗೆ ಅದು ಕೇಳಿಸಿತು. "ಈಗ ದಾರಿಗೆ ಬಂದಿ," ಎಂದರು.

ನಾಲ್ಕು ಸಾಲು ಹೇಗೋ ಆದವು, ಆರು ಏಳೂ ಆದವು. ಐದನೆಯದಕ್ಕೆ ತೂತೇ ಇರಲಿಲ್ಲ. ಅದರ ಬಟ್ಟೆಯನ್ನೇ ನಿಂಗಕ್ಕ ಬದಲಿಸಿದ್ದಳಲ್ಲ. ಎಂಟನೆಯ ದಿನ ಒಂದು ಹೊಲಿಗೆಯೂ ಬೀಳಲಿಲ್ಲ. ಸಾಹುಕಾರರು ಖಾಲಿ ಜಾಗದ ಮೇಲೆ ಬೆರಳಿಟ್ಟು, ಎತ್ತಿ, ಮತ್ತೆ ಇಟ್ಟರು. ಒಂಬತ್ತನೆಯ ದಿನ ಹೇಳಿದರು.

"ಹೆಬ್ಬೆಟ್ಟಿನಷ್ಟು ಸೀದಾ ಹೋಗಿ ಕೆಳಗ ಇಳೀತಿತ್ತು. ಅಲ್ಲೊಂದು ಗಂಟು. ಅಲ್ಲೇ ಚುಚ್ಚಿಕೊಂಡು ಬೆರಳು ಬಾಯಾಗ ಇಟ್ಕೊಂಡಿದ್ಲು. ಆಮ್ಯಾಲ ಮ್ಯಾಲ ಹತ್ತಿತು. ಎಷ್ಟು ಹತ್ತಿತು ಅನ್ನಾದು ಬರವಲ್ದು."

"ಒಂದು ಬೆರಳಷ್ಟು ಹತ್ತಿತ್ರಿ," ಎಂದಳು ನಿಂಗಕ್ಕ. "ಆ ಸಾಲು ನನಗಿಂತ ಹೆಚ್ಚು ನೋಡಿದಾರು ಯಾರದಾರ."

ಬೈದುಕೊಂಡು ನೆನಪಿಟ್ಟಿದ್ದು ಹೀಗೆ ಉಪಯೋಗಕ್ಕೆ ಬಂತು. ಅರ್ಧ ಅವರ ಬೆರಳಿನಿಂದ, ಅರ್ಧ ಇವಳ ಹಳೆಯ ಸಿಟ್ಟಿನಿಂದ ಐದನೆಯ ಸಾಲು ಮುಗಿಯಿತು. ಕೊಟ್ರಬಸಮ್ಮ ಒಳಗಿಂದ ರೊಟ್ಟಿಯ ಚೂರು ತಂದು ಹೊಟ್ಟೆಗೆ ಇಟ್ಟಳು. ಕೌದಿಗೆ ಅದು ಮೂರನೆಯ ಊಟ. ಸಾಹುಕಾರರು ಮಲಗಿ ಕೈ ಹರಿದಾಡಿಸಿದರು. ಒಂದು, ಎರಡು, ಮೂರು, ನಾಲ್ಕು. ಐದರ ಗಂಟಿನ ಮೇಲೆ ಬೆರಳು ನಿಂತಿತು. ಮತ್ತೆ ಬಿಚ್ಚಬೇಕಾದೀತೆಂದು ನಿಂಗಕ್ಕ ಸೂಜಿ ಎತ್ತಿಕೊಂಡಳು.

"ಆಕೀದಲ್ಲ," ಎಂದರು. ಗಂಟನ್ನು ಇನ್ನೊಮ್ಮೆ ಒತ್ತಿ, "ಇರ್ಲಿ. ಬೆಚ್ಚಗೈತಿ," ಎಂದರು.

ಬೆರಳು ಅಲ್ಲಿಂದ ಏಳಲಿಲ್ಲ. ಹನ್ನೆರಡು ದಿನ ನಿದ್ದೆಗೆಟ್ಟಿದ್ದ ಸಾಹುಕಾರರ ಗೊರಕೆ ಕೇಳಿಸಿತೆಂದು ಕೊಟ್ರಬಸಮ್ಮ ಹೊರಗೆ ಬಂದಾಗ ಗೊರಕೆ ಎರಡಿತ್ತು. ನಿಂಗಕ್ಕ ಕಂಬಕ್ಕೆ ಒರಗಿ, ಬಾಯಿ ತೆರೆದು, ಸೂಜಿ ಹಿಡಿದ ಕೈ ಮಡಿಲಲ್ಲಿಟ್ಟುಕೊಂಡು ಮಲಗಿದ್ದಳು. ಕೊಟ್ರಬಸಮ್ಮ ಆ ಸೂಜಿಯನ್ನು ಮೆಲ್ಲಗೆ ಬಿಡಿಸಿ ಕೌದಿಯ ಅಂಚಿಗೆ ಚುಚ್ಚಿಟ್ಟು ಒಳಗೆ ಹೋದಳು.

ಆಮೇಲೆ ನಿಂಗಕ್ಕ ಯಾರ ಕೌದಿಯನ್ನೂ ಬಿಚ್ಚಲಿಲ್ಲ. ಗೋಡೆಗಳ ಮೇಲೆ ಕೌದಿಗಳು ಮತ್ತೆ ಧೈರ್ಯವಾಗಿ ಒಣಗಿದವು. ಸುದ್ದಿ ಹೊಸಪೇಟೆಗೆ ತಲುಪುವ ಹೊತ್ತಿಗೆ ಆಕೆ ವಿರೂಪಾಕ್ಷನ ಮುಂದೆ ಸೂಜಿ ಇಟ್ಟು ಆಣೆ ಮಾಡಿದ್ದಳು, ಸಂಡೂರಿಗೆ ಹೋಗುವ ಹೊತ್ತಿಗೆ ಸೂಜಿಯನ್ನು ಹೊಳೆಗೆ ಎಸೆದಿದ್ದಳು. ಹಾಲಸ್ವಾಮಿ ಮಾಸ್ತರರು ತಮ್ಮ ಹಳೆಯ ಭಾಷಣವನ್ನು ಪೂರ್ತಿ ತಿರುಗಿಸಿ ಬರೆದರು. ಕೆಲಸ ಒಮ್ಮೆ ಕೈ ಬಿಟ್ಟ ಮೇಲೆ ಅದು ಉಪಯೋಗಿಸುವವರದು, ಕಲೆಗಾರ ಅದನ್ನು ಮುಟ್ಟಬಾರದು ಎಂದು. ಹಳೆಯದನ್ನು ತಿದ್ದಬಾರದೆಂದು ಹೇಳಲು ಹಳೆಯದನ್ನು ಎಷ್ಟು ತಿದ್ದಿದೆನೆಂದು ಅವರಿಗೆ ಹೊಳೆಯಲಿಲ್ಲ. ಕಡೆಯ ಸಾಲಿಗೆ ನಿಂಗಕ್ಕನ ಬಾಯಿಂದಲೇ ಒಂದು ಮಾತು ಬೇಕೆಂದು ಭಾನುವಾರ ಆಕೆಯ ಮನೆಗೆ ಹೋದರು. ಆಕೆ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು.

"ನಿಂಗಕ್ಕಾ, ಊರಿಗೆಲ್ಲ ನೀನೊಂದು ಪಾಠ ಕಲಿಸಿದಿ. ಹಳೆ ಕೆಲಸಕ್ಕ ಅದರದ ಒಂದು ಜೀವ ಇರ್ತದ, ಅದನ್ನ ಮುಟ್ಟಬಾರದು ಅಂತ ತಿಳದ ನೀನು ಬಿಚ್ಚಾದು ಬಿಟ್ಟಿ. ಹೌದಲ್ಲ?"

ನಿಂಗಕ್ಕ ಅವರು ನಿಂತ ಕಡೆಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಹಂಗೇನಿಲ್ರಿ ಮಾಸ್ತರ್ರ. ಆ ಒಂಬತ್ತು ದಿನದಾಗ ಕಣ್ಣು ಮಂಜಾದ್ವು. ಸೂಜಿಗೆ ದಾರ ಪೋಣಿಸಾಕ ಬರವಲ್ದು. ನಿಮ್ಮ ಮನ್ಯಾಗ ಯಾರರ ಪೋಣಿಸಿ ಕೊಡೋರಿದ್ರ ನಿಮ್ಮ ಕೌದಿ ತಗೊಂಡ್ ಬರ್ರಿ, ಅದರ ಅಂಚು ಭಾಳ ಕೆಟ್ಟೈತಿ. ಯಾವ ಸಾಲು ಯಾರು ಹೊಲದಾರ ಅಂತ ನಿಮ್ಮವ್ವನ್ನ ಮೊದಲ ಕೇಳ್ಕೊಂಡ್ ಬರ್ರಿ. ಎರಡೆರಡು ಸಲ ಬಿಚ್ಚಾದು ನನ್ನ ಕೈಲಿ ಆಗಲ್ಲ."